ಕಪ್ಪು ನೆಲದ ಮೇಲಿನ ಎಣ್ಣೆ

ಬ್ಯಾಲೆ ಶೂಗೂ ಕೊಬ್ಬರಿ ಎಣ್ಣೆಗೂ ಎಲ್ಲಿಯ ಸಂಬಂಧ ಎಂದು ನೀವು ನಗಬಹುದು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಎರಡೂ ಒಂದೇ ಚೀಲದಲ್ಲಿರುತ್ತಿದ್ದವು. ಅಮೆರಿಕದ ಸನ್ನಿವೇಲ್‌ನ ಅಪಾರ್ಟ್‌ಮೆಂಟಿನಲ್ಲಿ ಶನಿವಾರ ಬೆಳಿಗ್ಗೆ ಅಮ್ಮ ನನ್ನ ತಲೆಗೆ ಹಣೆಯ ಮೇಲೆ ಇಳಿಯುವಷ್ಟು ಎಣ್ಣೆ ಹಚ್ಚಿ, ಬಿಗಿಯಾಗಿ ತುರುಬು ಕಟ್ಟುತ್ತಿದ್ದಳು. ಧಾರವಾಡದಲ್ಲಿ ಭರತನಾಟ್ಯ ಕಲಿತವಳು.

"ಕುಣಿಯೂದಕ್ಕ ಮೊದಲ ನೆಲಕ್ಕ ಹಣಿ ಹಚ್ಚವಾ. ತುಳೀತೀವಲ್ಲ, ಕ್ಷಮಾ ಕೇಳಬೇಕು."

ನಾನು ಬ್ಯಾಲೆ ಕ್ಲಾಸಿನಲ್ಲಿ ಯಾರೂ ನೋಡದಾಗ ಹಾಗೇ ಮಾಡುತ್ತಿದ್ದೆ.

ನಮ್ಮ ಮ್ಯಾಡಮ್ ಸಂಯೋಜಿಸಿದ ಬ್ಯಾಲೆಗಳನ್ನು ದೊಡ್ಡ ದೊಡ್ಡ ಊರುಗಳಲ್ಲಿ ಆಡುತ್ತಿದ್ದರಂತೆ. ಎಪ್ಪತ್ತು ದಾಟಿದ್ದರೂ ಪ್ರತಿಯೊಂದನ್ನೂ ತಾವೇ ಕುಣಿದು ತೋರಿಸುತ್ತಿದ್ದರು. ಬಾಯಲ್ಲಿ ಹೇಳಿಕೊಟ್ಟ ನೃತ್ಯ ಅರ್ಧವೇ ತಲುಪುತ್ತದೆ ಎನ್ನುತ್ತಿದ್ದರು. ಅವರ ಕೋಲು ನೆಲಕ್ಕೆ ಬಡಿದರೆ ನನಗೆ ಜೀವವೇ ಹೋಗುತ್ತಿತ್ತು.

ನನಗೆ ಒಂಬತ್ತು ವರ್ಷವಾಗಿದ್ದ ಚಳಿಗಾಲದಲ್ಲಿ ಅವರು ಹೊಸ ಬ್ಯಾಲೆ ಕಟ್ಟುತ್ತಿದ್ದರು. ಒಂದು ಶನಿವಾರ ನನ್ನ ಪಕ್ಕಕ್ಕೇ ಬಂದು, ಕೈ ಎತ್ತಿ, ಒಂಟಿ ಕಾಲಿನಲ್ಲಿ ನಿಧಾನವಾಗಿ ಸುತ್ತಿದರು. ಅಷ್ಟು ಚೆಂದದ್ದನ್ನು ನಾನು ನೋಡಿರಲಿಲ್ಲ. ಮರುಗಳಿಗೆ ಕಾಲು ಜಾರಿತು. ಬಿದ್ದವರು ಏಳಲಿಲ್ಲ.

ಆಂಬುಲೆನ್ಸ್ ಬರುವ ತನಕ ನಾನು ನೆಲವನ್ನೇ ನೋಡುತ್ತಿದ್ದೆ. ಕಪ್ಪು ನೆಲದಲ್ಲಿ ನನ್ನ ಹಣೆಯಷ್ಟಗಲದ ಎಣ್ಣೆಯ ಗುರುತು, ಅದರ ನಡುವೆ ಜಾರಿದ ಗೆರೆ. ಸ್ಕರ್ಟಿನ ಅಂಚಿನಿಂದ ಒರೆಸಿಬಿಟ್ಟೆ. ಕಾರಿನಲ್ಲಿ ಅಮ್ಮ ಕೊಟ್ಟ ಶೇಂಗಾ ಹೋಳಿಗೆಯನ್ನು ಹಾಗೇ ಚೀಲಕ್ಕೆ ಹಾಕಿಕೊಂಡೆ.

ಇಲ್ಲಿ ತಪ್ಪು ಮಾಡಿದರೆ ವೀಸಾ ಹೋಗುತ್ತದೆ, ಎಲ್ಲರನ್ನೂ ವಾಪಸ್ ಕಳಿಸುತ್ತಾರೆ ಎಂದು ಅಪ್ಪ ಯಾವಾಗಲೂ ಹೇಳುತ್ತಿದ್ದರು. ಬಾಗಿಲು ಬಡಿದರೆ ಪೊಲೀಸರೇ ಎಂದು ಬಚ್ಚಲಿಗೆ ಓಡುತ್ತಿದ್ದೆ. ನಾಲ್ಕನೆಯ ದಿನ ತಡೆಯಲಾಗಲಿಲ್ಲ.

"ಅಮ್ಮಾ, ಐ ಡಿಡ್ ಇಟ್. ಮ್ಯಾಡಮ್ ಬಿದ್ದಿದ್ದು ನನ್ನ ತಲೆ ಆಯಿಲಿಂದ."

ಸಮಾಧಾನ ಮಾಡುತ್ತಾಳೆ ಎಂದುಕೊಂಡಿದ್ದೆ. ಅಮ್ಮನ ಮುಖವೇ ಬಿಳಿಚಿಕೊಂಡಿತು. ಎದ್ದು ಕಿಟಕಿ ಮುಚ್ಚಿದಳು.

"ಯಾರ ಮುಂದೂ ಅನಬ್ಯಾಡ. ನಿಮ್ಮಪ್ಪನ ಮುಂದೂ."

ಅಮ್ಮನಿಗೂ ಹೆದರಿಕೆಯಾಗುತ್ತದೆ ಎಂದು ತಿಳಿದದ್ದು ಅವತ್ತೇ. ಆಮೇಲೆ ನನ್ನ ಭಯಕ್ಕೆ ಹೋಗಲು ಜಾಗವೇ ಇರಲಿಲ್ಲ.

ಸೊಂಟದ ಮೂಳೆ ಮುರಿದಿದ್ದ ಮ್ಯಾಡಮ್ ವಸಂತದಲ್ಲಿ ಗಾಲಿಕುರ್ಚಿಯಲ್ಲಿ ಬಂದರು. ಇನ್ನೆಂದೂ ಕುಣಿದು ತೋರಿಸಲಿಲ್ಲ. ಹೊಸ ಬ್ಯಾಲೆಯನ್ನು ಬಾಯಲ್ಲೇ ಹೇಳಿ ಮುಗಿಸಿದರು. ಒಂದು ದಿನ ನನ್ನನ್ನು ಹತ್ತಿರ ಕರೆದರು.

"ನೆಲಕ್ಕೆ ಹಣೆ ಹಚ್ಚುತ್ತಿದ್ದೆಯಲ್ಲ, ಯಾಕೆ ಬಿಟ್ಟೆ?"

ಅವರು ನೋಡಿದ್ದರು!

"ಐ ಫರ್ಗಾಟ್," ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ನಾನು ಶೂ ಸರಿಪಡಿಸುವವಳಂತೆ ಬಗ್ಗಿದೆ.

ಮ್ಯಾಡಮ್ ಈಗಿಲ್ಲ. ಆ ಬ್ಯಾಲೆಯನ್ನು ಇಂದಿಗೂ ಆಡುತ್ತಾರೆ, ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಆ ಒಂಟಿ ಕಾಲಿನ ಸುತ್ತು ಬಂದಾಗ ಮಾತ್ರ ನನಗೆ ತಿಳಿಯುತ್ತದೆ, ಅವತ್ತು ಮ್ಯಾಡಮ್ ಸುತ್ತಿದ್ದು ಹಾಗಿರಲಿಲ್ಲ. ಯಾರಿಗೆ ಹೇಳಲಿ? ಅವತ್ತು ನಿಜ ಹೇಳಿದ್ದರೆ ಮ್ಯಾಡಮ್ ಬೈಯುತ್ತಿದ್ದರೋ, ತಲೆ ಸವರುತ್ತಿದ್ದರೋ, ಅದೂ ಇನ್ನು ಗೊತ್ತಾಗುವುದಿಲ್ಲ.