ಅಕ್ಕನ ಅಳತೆ ಟೇಪು

ಇವತ್ತು ಬೆಳಿಗ್ಗೆ ಮಸಿನಗುಡಿಯ ನಮ್ಮ ಬೀದಿಯಲ್ಲಿ ಭೋಜಣ್ಣನ ಕಾಂಪೌಂಡು ಬಿದ್ದಿತ್ತು. ಆನೆಯದೇ ಕೆಲಸ ಎಂದರು ಎಲ್ಲರೂ. ನಾನು ಜೀಪಿನ ಡ್ಯಾಶ್‌ಬೋರ್ಡಿನಿಂದ ಹಳೆಯ ದರ್ಜಿ ಟೇಪು ತೆಗೆದೆ. ಅದರಿಂದ ಆನೆ ಲದ್ದಿಯ ವಾಸನೆ ಗಪ್ಪೆಂದು ಹೊಡೆಯಿತು. ಮೂಗು ಮುಚ್ಚಿಕೊಳ್ಳಬೇಡಿ, ಹೇಳುತ್ತೇನೆ.

ಟೇಪು ಅಕ್ಕನದು, ಊರೆಲ್ಲ ಅವರನ್ನು ಹಾಗೇ ಕರೆಯುತ್ತಿತ್ತು. ಕಾಡಾನೆಗಳ ಅಧ್ಯಯನಕ್ಕೆಂದು ಮೈಸೂರಿನಿಂದ ಆರು ತಿಂಗಳಿಗೆ ಬಂದವರು, ಮೂವತ್ತು ವರ್ಷ ಇಲ್ಲೇ ಉಳಿದುಬಿಟ್ಟರು. ನಾನು ಅವರ ಜೀಪಿನ ಡ್ರೈವರ್. ಲದ್ದಿಯ ಉಂಡೆಯ ಸುತ್ತಳತೆ ತೆಗೆದು ಆನೆಯ ವಯಸ್ಸು ಅಂದಾಜು ಮಾಡುತ್ತಿದ್ದರು. ಟೇಪಿನ ಒಂದು ತುದಿ ಹಿಡಿಯುವುದು ನನ್ನ ಪಾಲು. ಹೆಣ್ಣು ನೋಡಲು ಹೋದಾಗ ಕೆಲಸವೇನೆಂದು ಕೇಳಿದ್ದಕ್ಕೆ "ಅಳತೆ ಕೆಲಸ" ಎಂದಿದ್ದೆ. ಸರ್ವೆಯರ್ ಎಂದುಕೊಂಡು ಮಾವ ಮಗಳನ್ನು ಕೊಟ್ಟರು.

ಒಂದು ಮಂಜಿನ ಬೆಳಿಗ್ಗೆ ಜೀಪು ಹಿಂದಕ್ಕೆ ತೆಗೆಯುವಾಗ ಮಲೆಯಾಳಿ ಚೇಟನ ಟೀ ಅಂಗಡಿಯ ಗೋಡೆ ಕೆಡವಿದೆ. ಅಂಗಡಿ ಇನ್ನೂ ತೆರೆದಿರಲಿಲ್ಲ. ಸದ್ದಿಲ್ಲದೆ ಜಾಗ ಖಾಲಿ ಮಾಡಿದೆ. ಹತ್ತು ಗಂಟೆಯ ಹೊತ್ತಿಗೆ ತಪ್ಪು ಅಲ್ಲೇ ಸುತ್ತಾಡುತ್ತಿದ್ದ ಒಂಟಿ ಸಲಗದ ತಲೆಗೆ ಬಿದ್ದಿತ್ತು.

"ಕೊಂಬನ್‌ದೇ ಕೆಲಸ ಸಾರ್, ಕಣ್ಣಾರೆ ನೋಡಿದೆ" ಎಂದ ಚೇಟ, ವಿಚಾರಿಸಲು ಬಂದ ಫಾರೆಸ್ಟ್ ಸಾಹೇಬರಿಗೆ. ಅದರ ಮೇಲೆ ಆಗಲೇ ದೂರುಗಳಿದ್ದವು. ಇನ್ನು ಹಿಡಿದು ದೊಡ್ಡಿಗೆ ಹಾಕುವುದೇ ಸರಿ ಎಂದರು ಸಾಹೇಬರು. ಆ ಆನೆ ತಾಯಿಯ ಹಾಲು ಕುಡಿಯುತ್ತಿದ್ದಾಗಿನಿಂದ ಅದನ್ನು ಬಲ್ಲ ಅಕ್ಕ ಟೇಪು ಬಿಚ್ಚಿ, "ಈ ತುದಿ ಹಿಡಿ" ಎಂದರು.

ನೆಲದಲ್ಲಿ ಆನೆಯ ಹೆಜ್ಜೆಯಿಲ್ಲ. ಉಳಿದ ಗೋಡೆಯಲ್ಲೊಂದು ಗೀರು. ಅದರ ಎತ್ತರ ಅಳೆದರು. ಆಮೇಲೆ ನೆಟ್ಟಗೆ ನಮ್ಮ ಜೀಪಿಗೆ ಬಂದು ಬಂಪರ್ ಅಳೆದರು. ನಾನು ಹುಟ್ಟಿದಂದಿನಿಂದ ಕಂಡ ಬೆಟ್ಟವನ್ನೇ ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

ಅಕ್ಕ ಮೆಲ್ಲಗೆ, "ಆನೆಗೆ ಬಾಯಿಲ್ಲ ಕಣೋ. ನಿನಗಿದೆ" ಎಂದರು.

"ನಾನೇ ಸಾರ್, ವಂಡಿ ರಿವರ್ಸ್ ತೆಗೀವಾಗ..." ಎಂದೆ. ಚೇಟ ಒಂದು ಕ್ಷಣ ಯೋಚಿಸಿ, "ಹಂಗಾದ್ರೆ ನಾನು ನೋಡಿದ್ದು ವಂಡಿನೇ ಸಾರ್" ಎಂದ.

ಸಲಗ ಕಾಡಿನಲ್ಲೇ ಉಳಿಯಿತು. ಮೂರು ಭಾನುವಾರ ನಾನು ಗೋಡೆ ಕಟ್ಟಿದೆ, ಅಕ್ಕ ಗಾರೆ ಕಲಸಿ ಕೊಟ್ಟರು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಮರೆಯುತ್ತಿದ್ದೆನೋ ಏನೋ.

ಹೋದ ವರ್ಷ ಅಕ್ಕ ತೀರಿಕೊಂಡರು. ಈ ವಾಸನೆ ಬಂದಾಗಲೆಲ್ಲ ಪಕ್ಕದ ಸೀಟು ನೋಡುತ್ತೇನೆ.

ಭೋಜಣ್ಣನ ಗೋಡೆಯ ಬುಡದಲ್ಲೂ ಹೆಜ್ಜೆಯಿರಲಿಲ್ಲ. ಗೀರು ನನ್ನ ಮೊಣಕಾಲಿನ ಎತ್ತರದಲ್ಲಿತ್ತು. ಅವನ ಹೊಸ ಕಾರಿನ ಹಿಂಭಾಗಕ್ಕೆ ಮಾತ್ರ ಟಾರ್ಪಾಲು ಹೊದಿಸಿತ್ತು. ಫಾರೆಸ್ಟಿನವರಿಗೆ ಫೋನು ಹೋಗಿಯಾಗಿತ್ತು. ಭೋಜಣ್ಣ ಬೆಟ್ಟವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

ನಾನು ಟೇಪು ಬಿಚ್ಚಿದೆ.

"ಭೋಜಣ್ಣ, ಈ ತುದಿ ಹಿಡಿ" ಎಂದೆ.