ಹಿತ್ತಲಲ್ಲಿ ನಿಂತ ಫೆಮ್ಮಿ

ನಮ್ಮ ಬೀದಿಯಲ್ಲಿ ಫೆಮ್ಮಿಯ ಕಣ್ಣಿಗೆ ಹೆದರದವರಿರಲಿಲ್ಲ. ಹಾಗಂತ ಅವಳು ಕೆಟ್ಟವಳಲ್ಲ. ಹೇಗ್ ನಗರದ ಈ ದುಡಿಯುವವರ ಕೇರಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಮೊದಲು ಸೂಪಿನ ಪಾತ್ರೆ ಹಿಡಿದು ಹೋಗುತ್ತಿದ್ದವಳು ಅವಳೇ. ಆದರೆ ನಮ್ಮ ಹಾಲೆಂಡ್ ಫುಟ್‌ಬಾಲ್ ತಂಡ ದೊಡ್ಡ ಟೂರ್ನಿಯಲ್ಲಿ ಪೆನಾಲ್ಟಿ ಒದೆಯುವಾಗ ಅವಳು ಟಿವಿ ನೋಡಿದರೆ ಸೋಲು ಖಂಡಿತ ಎಂದು ಗಂಡ ಟೀನುಸ್ ಕಂಡುಹಿಡಿದಿದ್ದ. ಟ್ರಾಮ್ ಓಡಿಸುತ್ತಿದ್ದ ಮನುಷ್ಯ, ಬಾಯಿ ಜೋರು. ಸೋತಾಗ ಅರ್ಧ ತಪ್ಪು ಕೋಚ್ ತಲೆಗೆ, ಇನ್ನರ್ಧ ಹೆಂಡತಿ ತಲೆಗೆ ಕಟ್ಟುತ್ತಿದ್ದ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೇ ಎಂದು ಪಕ್ಕದ ಮನೆಯವಳಾದ ನಾನು ಎಷ್ಟೋ ಸಲ ಹೇಳಿದ್ದೆ. ಕೇಳುವವರಾರು? ಪಂದ್ಯ ಪೆನಾಲ್ಟಿಗೆ ಹೋಯಿತೆಂದರೆ ಟೀನುಸ್ ಹಿತ್ತಲ ಬಾಗಿಲ ಕಡೆ ಕೈ ತೋರಿಸುತ್ತಿದ್ದ.

"ಏಳೇ ಫೆಮ್ಮಿ. ನಾನು ಕರೆಯೋವರೆಗೂ ಬರಬೇಡ."

ಅವಳು ಸೈಕಲ್ ಇಡುವ ಕೋಣೆಯ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದಳು. ಗೆಲ್ಲಲಿ ಸೋಲಲಿ, ಕೊನೆಗೆ "ಬಾರೇ ಒಳಗೆ" ಎಂಬ ಕೂಗು ಬರುತ್ತಿತ್ತು.

ನಮ್ಮ ಕೋಚ್‌ಗೂ ಒಂದು ಹುಚ್ಚಿತ್ತು. ಪೆನಾಲ್ಟಿಯ ಹೊತ್ತಿಗೆ ಮೈದಾನಕ್ಕೆ ಬೆನ್ನು ತಿರುಗಿಸಿ ನಿಂತುಬಿಡುತ್ತಿದ್ದ. "ದೇಶಕ್ಕೆಲ್ಲಾ ಕೋಚ್ ಅಂತೆ, ನೋಡೋಕೆ ಗುಂಡಿಗೆ ಇಲ್ಲ ಮುಂಡೇದಕ್ಕೆ" ಎಂದು ಟೀನುಸ್ ಉಗಿಯುತ್ತಿದ್ದ. ಫೆಮ್ಮಿ ಮಾತ್ರ, "ಪಾಪ, ಅವನಿಗೂ ಯಾರೋ ಹೊರಗೆ ಹೋಗು ಅಂದಿರ್ಬೇಕು ಬಿಡು" ಎನ್ನುತ್ತಿದ್ದಳು.

ಹಿಂದಿನ ಟೂರ್ನಿಯಲ್ಲಿ ಹಾಗೇ ಒಂದು ಸಂಜೆ ಅವಳು ಹಿತ್ತಲಿಗೆ ಹೋದಳು. ನಾವು ಗೆದ್ದೆವು. ಬೀದಿಯ ತುಂಬ ಕುಣಿತ, ಹಾಡು. ಟೀನುಸ್ ಮಾತ್ರ ಹೊರಗೆ ಬರಲಿಲ್ಲ. ಹುಡುಕಿಕೊಂಡು ಹೋದವಳು ನಾನು. ಕುರ್ಚಿಯಲ್ಲಿ ತಲೆ ವಾಲಿತ್ತು, ಒಂದು ಕೈ ಹಿತ್ತಲ ಬಾಗಿಲ ಕಡೆ ಚಾಚಿತ್ತು. ಬಾಗಿಲು ತೆಗೆದು ನೋಡಿದರೆ ಫೆಮ್ಮಿ ಇನ್ನೂ ಗೋಡೆ ನೋಡುತ್ತ ನಿಂತಿದ್ದಳು. "ಕರೆದ್ನಾ?" ಎಂದಳು. ಹೃದಯ ನಿಂತಿದೆ ಎಂದರು ಡಾಕ್ಟರು. ಜೊತೆಗೆ ಯಾರಾದರೂ ಇದ್ದಿದ್ದರೆ ಉಳಿಯುತ್ತಿದ್ದನೇನೋ ಎಂದೂ ಅಂದುಬಿಟ್ಟರು. ಆ ಮಾತನ್ನು ನುಂಗಿಕೊಳ್ಳಬಾರದಿತ್ತೇ ಪುಣ್ಯಾತ್ಮ?

ಆಮೇಲೆ ಅವಳಿಗೆ ಅವನ ಕೂಗು ಕೇಳತೊಡಗಿತು. ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದವಳು ಒದ್ದೆ ಕೈಯಲ್ಲೇ ಒಳಗೋಡುತ್ತಿದ್ದಳು. ಕುರ್ಚಿ ಖಾಲಿ ಇರುತ್ತಿತ್ತು. ಗೋಡೆಯಾಚೆ ನಾನು ಕಿವಿಗೊಟ್ಟು ಕೂತಿರುತ್ತಿದ್ದೆ. ಒಂದೆರಡು ಸಲ ನನಗೂ ಏನೋ ಕೇಳಿದಂತಾಗಿ ಮೈ ಜುಮ್ಮೆಂದಿತ್ತು.

ಈ ಬೇಸಿಗೆಯಲ್ಲಿ ಮತ್ತೆ ಟೂರ್ನಿ ಬಂತು, ಮತ್ತೆ ಅದೇ ಕೋಚ್. ಮನೆಯಿಂದ ಮನೆಗೆ ನಮ್ಮ ತಂಡದ ಕಿತ್ತಳೆ ಬಣ್ಣದ ತೋರಣ ಕಟ್ಟಿದೆವು. ಕ್ವಾರ್ಟರ್ ಫೈನಲ್ ದಿನ ಬೆಳಿಗ್ಗೆ ಫೆಮ್ಮಿ ನನಗೆ ಕಾಫಿ ಕೊಟ್ಟು, ಬಿಸ್ಕತ್ತಿನ ಡಬ್ಬಿ ಮುಚ್ಚಿ ಎದುರಿಗೆ ಕೂತಳು.

"ರಿಯಾ, ಇವತ್ತು ಪೆನಾಲ್ಟಿ ಬಂದ್ರೆ ನಾನು ಒಳಗೇ ಕೂರ್ತೀನಿ."

"ಕೂರು. ಯಾರೇನು ಹೇಳ್ತಾರೋ ನಾನೂ ನೋಡ್ತೀನಿ."

"ಸೋತ್ರೆ ಸಾಕು ಕಣೆ. ಸೋತ್ರೆ ಅವನು ಹೇಳಿದ್ದೇ ನಿಜ ಆಗತ್ತೆ. ಅವತ್ತು ನಾನು ಹೊರಗೆ ನಿಂತಿದ್ದಕ್ಕೆ ಒಂದು ಕಾರಣ ಇತ್ತು ಅಂತಾಗತ್ತೆ."

ಗೆದ್ದರೆ ಏನು ಎಂದು ಕೇಳಲು ನನಗೆ ನಾಲಿಗೆ ಏಳಲಿಲ್ಲ.

ಸಂಜೆ ಅವಳ ಮನೆಯಲ್ಲೇ ಎಲ್ಲರೂ ಸೇರಿದರು. ಬೀದಿಯಲ್ಲಿ ಟೀನುಸ್‌ನ ಟಿವಿಯೇ ದೊಡ್ಡದು. ಪಂದ್ಯ ಪೆನಾಲ್ಟಿಗೆ ಹೋಯಿತು. ಎಲ್ಲರ ಕಣ್ಣೂ ಫೆಮ್ಮಿಯ ಕಡೆ ತಿರುಗಿತು. ಆಲೂಗಡ್ಡೆ ಕರಿಯುವ ಅಂಗಡಿಯ ಕೋಬುಸ್ ತಲೆ ಕೆರೆದುಕೊಂಡ.

"ಫೆಮ್ಮಿ ಚಿಕ್ಕಮ್ಮ, ತಪ್ಪು ತಿಳ್ಕೋಬೇಡಿ. ಒಂದು ಗಳಿಗೆ ಹಿತ್ತಲಿಗೆ ಹೋಗ್ಬರ್ತೀರಾ?"

"ಇಲ್ಲ ಕಣೋ."

"ಟೀನುಸ್ ಚಿಕ್ಕಪ್ಪ ಇದ್ದಿದ್ರೆ…"

"ಇಲ್ವಲ್ಲ."

ಅವಳು ಎದ್ದು, ಅಂದಿನಿಂದ ಯಾರೂ ಕೂರದ ಅವನ ಕುರ್ಚಿಯಲ್ಲಿ ಹೋಗಿ ಕೂತಳು.

ಟಿವಿಯಲ್ಲಿ ಕೋಚ್ ಎಂದಿನಂತೆ ಬೆನ್ನು ತಿರುಗಿಸಿದ. ನಮ್ಮವರ ಮೊದಲ ಒದೆತವೇ ಕಂಬಕ್ಕೆ ಬಡಿಯಿತು. "ಹೇಳಿದ್ನಲ್ಲ" ಎಂದು ಯಾರೋ ಗೊಣಗಿದರು. ಫೆಮ್ಮಿಯ ಮುಖಕ್ಕೆ ಕಳೆ ಬಂತು, ಗಟ್ಟಿಯಾಗಿ ಉಸಿರು ಬಿಟ್ಟಳು. ಬೀದಿಗೆ ಬೀದಿಯೇ ಗೆಲುವು ಬೇಡುತ್ತಿದ್ದಾಗ ಅವಳ ತುಟಿ ಒಂದೇ ಸಮನೆ "ಸೋಲ್ಲಿ, ಸೋಲ್ಲಿ" ಎನ್ನುತ್ತಿತ್ತು. ಪಕ್ಕದಲ್ಲಿದ್ದ ನನಗೊಬ್ಬಳಿಗೇ ಅದು ಕೇಳಿಸಿದ್ದು. ಹುಟ್ಟಿದಾಗಿನಿಂದ ಕಿತ್ತಳೆ ಅಂಗಿ ಹಾಕಿದವಳು ನಾನು, ಅವತ್ತು ಅವಳ ಜೊತೆಗೆ ಸೋಲನ್ನೇ ಬೇಡಿದೆ.

ನಮ್ಮ ಗೋಲ್‌ಕೀಪರ್ ಒಂದು ತಡೆದ. ಮತ್ತೊಂದನ್ನೂ ತಡೆದ. ನಮ್ಮವರ ಕೊನೆಯ ಚೆಂಡು ಬಲೆಗೆ ಬಿತ್ತು. ನಾವು ಗೆದ್ದಿದ್ದೆವು.

ಬಿಯರ್ ಚೆಲ್ಲಿತು, ಯಾರೋ ದೀಪಕ್ಕೆ ತಲೆ ಬಡಿದುಕೊಂಡರು. ಕೋಬುಸ್ ಮಂಡಿಯೂರಿ ಫೆಮ್ಮಿಯ ಎರಡೂ ಕೈ ಹಿಡಿದುಕೊಂಡ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಪಾಪದವನು.

"ಚಿಕ್ಕಮ್ಮ, ನಿಮ್ಮ ಕಣ್ಣಲ್ಲಿ ಏನೂ ಇಲ್ಲ. ಇಷ್ಟು ವರ್ಷ ಸುಮ್‌ಸುಮ್ನೆ ನಿಮ್ಮನ್ನ ಹೊರಗೆ ನಿಲ್ಸಿದ್ವಿ."

"ಸುಮ್‌ಸುಮ್ನೆ" ಎಂದಳು ಫೆಮ್ಮಿ.

ಕೈ ಬಿಡಿಸಿಕೊಂಡು ಎದ್ದಳು. ಜನರ ನಡುವೆ ದಾರಿ ಮಾಡಿಕೊಂಡು ಹಿತ್ತಲಿಗೆ ಹೋದಳು. ನಾನು ಹಿಂದೆಯೇ ಓಡಿದೆ. ಸೈಕಲ್ ಕೋಣೆಯ ಪಕ್ಕದಲ್ಲಿ, ಅದೇ ಜಾಗದಲ್ಲಿ, ಗೋಡೆಗೆ ಮುಖ ಮಾಡಿ ನಿಂತಿದ್ದಳು.

"ಬಾರೇ ಒಳಗೆ" ಎಂದೆ.

ಅವಳು ತಿರುಗಲಿಲ್ಲ.

"ನೀನಲ್ಲ ರಿಯಾ. ಅವನು ಕರೀಲಿ."