ಗವಿಸ್ವಾಮಿಯ ಕಂಬಳಿ

ಹಾವು ಕಚ್ಚುವುದಕ್ಕೆ ಹಿಂದಿನ ದಿನ ಯರ್ರೆಪ್ಪ ಹೆಂಡತಿ ಲಿಂಗಕ್ಕನನ್ನು ಕರೆದುಕೊಂಡು ಗುಡ್ಡ ಹತ್ತಿದ. ಯುದ್ಧ ನಡೆದಿದ್ದ ಕಾಲ. ಹೊಳಗುಂದದ ಆಚೆ ಕಾರೆಗಿಡಗಳ ಅಡವಿ, ಅದರ ಮೇಲೆ ಗವಿ, ಗವಿಯೊಳಗೆ ಹಳೆಯ ಗುಡಿ. ಕಟ್ಟಿದವರು ಯಾರೋ ಊರಿನವರಿಗೆ ಗೊತ್ತಿಲ್ಲ. ಕಲ್ಲಿನ ಸ್ವಾಮಿ ಕಾಲು ಮಡಚಿ, ಕೈ ತೊಡೆಯ ಮೇಲಿಟ್ಟು, ಕಣ್ಣು ಮುಚ್ಚಿ ಕೂತಿದ್ದಾನೆ. ಆದೋನಿಯ ಮೇಷ್ಟ್ರು ಶ್ರೀರಾಮುಲು ಒಮ್ಮೆ ಬಂದು ನೋಡಿ, ಇವನು ಬುದ್ಧ ಎಂದಿದ್ದರು. ಕುರುಬರು ಒಪ್ಪಲಿಲ್ಲ. ಸ್ವಾಮಿಯ ತಲೆ ತುಂಬ ಸಣ್ಣ ಸಣ್ಣ ಸುರುಳಿ, ಮರಿಯ ಉಣ್ಣೆಯ ಹಾಗೆ. ಇವನು ಕುರಿ ಕಾಯುವವನೇ, ನಮ್ಮವನೇ ಎಂದರು. ಪ್ರತಿ ವರ್ಷ ಚಳಿಗೆ ಮುಂಚೆ ಪಾಳಿಯ ಮೇಲೆ ಒಂದೊಂದು ಮನೆಯವರು ಹಳೆಯದನ್ನು ಇಳಿಸಿ ಅವನಿಗೆ ಹೊಸ ಕಂಬಳಿ ಹೊದಿಸುತ್ತಾರೆ.

ಆ ವರ್ಷ ಯರ್ರೆಪ್ಪನ ಪಾಳಿ. ಅವನು ಗೇಣು ಹಾಕಿ ಸ್ವಾಮಿಯ ಭುಜ ಅಳೆದ.

"ನಮ್ಮ ಅಣ್ಣಗಿಂತ ಅಗಲ ಅದಾನ. ನೇಯ್ದ ಪಟ್ಟಿ ಎರಡೂ ಸಾಲ್ತಾವೇನು?"

ಲಿಂಗಕ್ಕ ನಕ್ಕಳು. ರೊಟ್ಟಿ ತಿಂದು ಇಳಿದರು.

ಮರುದಿನ ಯರ್ರೆಪ್ಪನಿಗೆ ಹಾವು ಕಚ್ಚಿತು. ಹೊತ್ತು ಮುಳುಗುವುದರೊಳಗೆ ಎಲ್ಲ ಮುಗಿದಿತ್ತು. ಅವನು ನೇಯ್ದ ಕಂಬಳಿಯ ಎರಡು ಪಟ್ಟಿ ಹಾಗೇ ಬಿದ್ದಿದ್ದವು. ಕೂಡಿಸಿ ಹೊಲಿಯುವುದಷ್ಟೇ ಬಾಕಿ. ಲಿಂಗಕ್ಕ ಹೊಲಿದಳು.

ಭಾವ, ಯರ್ರೆಪ್ಪನ ಅಣ್ಣ ಜಂಬಪ್ಪ, ಅದನ್ನು ಮಿಲ್ಟ್ರಿಗೆ ಕಂಬಳಿ ಕೊಳ್ಳುವ ಸಾಹುಕಾರರಿಗೆ ಮಾರೋಣ ಎಂದ. ಊರ ಹಿರಿಯ ಉರುಕುಂದಪ್ಪ ಪಾಳಿಯನ್ನು ಮುಂದಿನ ಮನೆಗೆ ಬಿಡಬೇಕೆಂದ. ಹೊದಿಸಿದ ಮನೆಯವರೇ ಮುಂದಿನ ಪಾಳಿಯವರೆಗೆ ದಿನಾ ಗವಿ ಗುಡಿಸಬೇಕು, ಅದು ಗಂಡಸಿನ ಕೆಲಸ, ಗಂಡ ಸತ್ತಾಕೆ ಮುಟ್ಟಿದರೆ ಸ್ವಾಮಿ ಸಿಟ್ಟಾಗುತ್ತಾನೆ ಎಂದ.

"ಅದು ಆತನ ಕೈಯಾಗಿನ ಕಡೀ ಕಂಬಳಿ," ಎಂದಳು ಲಿಂಗಕ್ಕ. "ಸ್ವಾಮಿಗಂತ ನೇಯ್ದಾನ. ಬ್ಯಾರೆಯವರ ಮೈಮ್ಯಾಗ ನಾ ನೋಡಲಾರೆ."

ಮೂಲೆಯಲ್ಲಿ ಕೂತಿದ್ದ ಅತ್ತೆ ಸುಂಕಲಮ್ಮ, ಮಗ ಸತ್ತ ಮೇಲೆ ಮೊದಲ ಸಲ ಬಾಯಿ ಬಿಟ್ಟಳು.

"ಸಿಟ್ಟಾಗೋನು ಕಣ್ಣು ತೆಗೀತಿದ್ದ. ನಿಮ್ಮಪ್ಪನ ಕಾಲದಾಗೂ ತೆಗೆದಿಲ್ಲ, ಉರುಕುಂದ. ನೀ ಅಡ್ಡ ನಿಂದ್ರಬ್ಯಾಡ."

ಉರುಕುಂದಪ್ಪ ವಲ್ಲಿ ಹೆಗಲಿಗೆ ಹಾಕಿಕೊಂಡು ಎದ್ದ.

"ಹಂಗಾದ್ರ ಗುಡಿಸೋದೂ ನಿಂದೇ, ತಂಗೀ. ಒಂದಿನ ತಪ್ಪಿದ್ರ ಕಂಬಳಿ ಇಳಿಸ್ತೀವಿ."

ಲಿಂಗಕ್ಕ ಒಬ್ಬಳೇ ಹತ್ತಿ ಹೊದಿಸಿ ಬಂದಳು. ಭುಜಕ್ಕೆ ಸರಿಹೋಯಿತು. ಅಲ್ಲಿಯೇ ಕೂತು ಅತ್ತಳು. ಮನೆಯಲ್ಲಿ ಅಳುವುದಕ್ಕೆ ಅತ್ತೆಯ ಭಯವಿತ್ತು, ಆಕೆಯೂ ಅಳುತ್ತಾಳೆಂದು.

ಜ್ವರ ಬಂದಾಗಲೂ ತಪ್ಪಿಸಲಿಲ್ಲ. ಮರುವರ್ಷ ಪಾಳಿಯ ಮನೆಯವರು ತಮ್ಮ ಕಂಬಳಿಯನ್ನು ಅದರ ಮೇಲೆಯೇ ಹೊದಿಸಿದರು. ಇಳಿಸುವ ಮಾತು ಯಾರೂ ಎತ್ತಲಿಲ್ಲ. ಪೊರಕೆ ಕೊಡು ಎಂದೂ ಕೇಳಲಿಲ್ಲ.

ಈಗಲೂ ಬೆಳಗಾಗುವ ಮುಂಚೆ ಹತ್ತುತ್ತಾಳೆ. ಬಾವಲಿ ಹಿಕ್ಕೆ ಗುಡಿಸುತ್ತಾಳೆ. ಯರ್ರೆಪ್ಪನ ಕಂಬಳಿಯನ್ನು ತೆಗೆದು ಬಂಡೆಯ ಮೇಲೆ ಕೊಡವಿ, ನುಸಿ ಹಿಡಿಯದಂತೆ ಅದರ ಮಡಿಕೆಗಳೊಳಗೆ ಬೇವಿನ ಸೊಪ್ಪಿಟ್ಟು, ಮತ್ತೆ ಹೊದಿಸುತ್ತಾಳೆ. ಇಳಿದು ಬಂದು ಕುರಿ ಬಿಡುತ್ತಾಳೆ.